ಅತ್ತೆಯ ಮುಂದೆ ಬ್ಯಾಕ್‌ಗ್ಯಾಮನ್

"ಈ ಭಾನುವಾರ ಕುರಿ ಹಿಂದೆ ಹೋಗೋನು ನಾನಲ್ಲ! ಬೇಕಾದ್ರೆ ಬರೆದಿಟ್ಕ!"

ಹೊಸದುರ್ಗದ ಜೆರಾಕ್ಸ್ ಅಂಗಡಿಯ ಒಡೆಯನೂ ಮುದ್ದಕ್ಕನ ಮನೆಅಳಿಯನೂ ಆದ ಗೋವರ್ಧನ ಹೀಗೆಂದು ಹೆಂಡತಿಯ ಮುಂದೆ ಮೀಸೆ ತಿರುವಿದ. ಮಾವ ಊರಲ್ಲಿರಲಿಲ್ಲ. ಹೆಂಡತಿ ನೇತ್ರಾವತಿ ಕಾಲು ಉಳುಕಿಸಿಕೊಂಡು ಕೂತಿದ್ದಳು. ಭಾನುವಾರ ಚಿತ್ರದುರ್ಗದಲ್ಲಿ ಗೋವರ್ಧನನ ಗೆಳೆಯರ ಬಾಡೂಟ. ಅದೇ ದಿನ ಹಿರಿಯೂರಿನಲ್ಲಿ ಅತ್ತೆಯ ತಂಗಿಯ ಮೊಮ್ಮಗನ ನಾಮಕರಣ. ಅತ್ತೆ, ಅಳಿಯ ಇಬ್ಬರಲ್ಲಿ ಒಬ್ಬರು ಕುರಿ ಕಾಯಲೇಬೇಕು. ಬ್ಯಾಕ್‌ಗ್ಯಾಮನ್ ಎಂಬ ವಿದೇಶಿ ದಾಳದಾಟ ಆಡಿ ತೀರ್ಮಾನ ಮಾಡೋಣವೆಂದು ಪಂಥ ಕಟ್ಟಿದವನು ಇವನೇ. ಮೂರು ತಿಂಗಳಿಂದ ವಿಡಿಯೊ ನೋಡಿ ನೋಡಿ ಆ ಆಟದ ತಂತ್ರಗಳನ್ನೆಲ್ಲ ಅರೆದು ಕುಡಿದಿದ್ದನಲ್ಲ!

"ಅವ್ವಂಗೆ ಆ ಆಟನೇ ಬರಲ್ಲ ಕಣ್ರಿ!"

"ಅದಕ್ಕೇ ಅಲ್ವೇನೇ ಪಂಥ ಕಟ್ಟಿದ್ದು!"

ಆದರೂ ಧರ್ಮಯುದ್ಧವಾಗಬೇಕಲ್ಲ! ಆನ್‌ಲೈನಿನಲ್ಲಿ ತರಿಸಿದ ಹಲಗೆಯನ್ನು ಜಗಲಿಯ ಮೇಲೆ ಹರಡಿ, ಅತ್ತೆಗೆ ತಿಳಿಯುವ ಮಾತಿನಲ್ಲೇ ಪಾಠ ಶುರು ಮಾಡಿದ. ಪುಣ್ಯಾತ್ಮ ಕೆಟ್ಟಿದ್ದೇ ಅಲ್ಲಿ.

"ನೋಡ್ರಿ ಅತ್ತೆ, ಈ ಹದಿನೈದು ಕಾಯಿ ನಿಮ್ಮ ಕುರಿ. ದಾಳ ಬಿದ್ದಷ್ಟು ನಡೆಸ್ಬೇಕು. ಈ ಮೂಲೆ ನಿಮ್ಮ ಕುರಿ ಕೂಡೋ ರೊಪ್ಪ. ಎಲ್ಲಾ ಕುರಿ ರೊಪ್ಪಕ್ಕೆ ತಂದು ಮೊದ್ಲು ಎತ್ಕಂಡೋರು ಗೆದ್ದಂಗೆ. ಒಂಟಿ ಕಾಯಿ ಸಿಕ್ರೆ ಹೊಡೀಬಹುದು, ಅದು ಹೊಡೆದೋರ ರೊಪ್ಪದೊಳಗೆ ಇಳಿದು ಮತ್ತೆ ಮೊದಲಿಂದ ಬರ್ಬೇಕು. ಎರಡು ಜೊತೆಗಿದ್ರೆ ಮುಟ್ಟಂಗಿಲ್ಲ."

"ಇಷ್ಟೇನಾ? ಇದನ್ನ ನಾನು ಐವತ್ತು ವರ್ಷದಿಂದ ಆಡ್ತಿದೀನಿ, ಹಾಕ್ರಿ ದಾಳ," ಎಂದು ಮುದ್ದಕ್ಕ ಎಲೆಅಡಿಕೆ ಬಾಯಿಗೆ ತುರುಕಿದಳು.

ಗೋವರ್ಧನ ವಿಡಿಯೊದ ಮೊದಲ ತಂತ್ರ ಹೂಡಿದ: ಓಟ! ಅವನ ಕಾಯಿಗಳು ದಿಕ್ಕಾಪಾಲಾಗಿ ಓಡಿದವು. ಮುದ್ದಕ್ಕನಿಗೆ ಅವಸರವೇ ಇಲ್ಲ. ಆದಷ್ಟೂ ಜೋಡಿಯಾಗಿಯೇ ನಡೆಸಿದಳು.

"ಒಂಟಿ ಕುರಿ ತೋಳದ ಪಾಲು, ಅಳಿಯಂದ್ರೆ," ಎನ್ನುತ್ತ ಅವನದೊಂದು ಕಾಯಿಯನ್ನು ಟಪ್ಪನೆ ಹೊಡೆದಳು. ಇನ್ನೊಂದು. ಮತ್ತೊಂದು! ಆಮೇಲೆ ತನ್ನ ಮೂಲೆಯಲ್ಲಿ ಆರು ಜೋಡಿ ಸಾಲಾಗಿ ನಿಲ್ಲಿಸಿದಳು. "ಇದು ಬೇಲಿ. ಈಗ ಬರ್ರಿ ನೋಡಾಣ!"

ಏನು ದಾಳ ಬಿದ್ದರೂ ಗೋವರ್ಧನನ ಹೊಡೆತ ತಿಂದ ಕಾಯಿಗಳಿಗೆ ಒಳಗೆ ಹೋಗಲು ಸಂದಿಯೇ ಇಲ್ಲ.

"ರೀ, ವಿಡಿಯೊದಾಗೆ ಇದಕ್ಕೇನು ಹೇಳವ್ರೆ?" ನೇತ್ರಾವತಿ ಕಿಸಕ್ಕನೆ ನಕ್ಕಳು.

"ನೆಟ್‌ವರ್ಕ್ ಇಲ್ಲ, ಸುಮ್ನಿರೇ!"

ಭಾನುವಾರ ಮುದ್ದಕ್ಕ ರೇಷ್ಮೆ ಸೀರೆ ಉಟ್ಟು ಹಿರಿಯೂರಿನ ಬಸ್ಸು ಹತ್ತಿದಳು. ಗೋವರ್ಧನ ಗುಡ್ಡದಲ್ಲಿ ಜಾಲಿಮರದ ಕೆಳಗೆ ಕೂತು, ಸೋತದ್ದೇಕೆಂದು ತಿಳಿಯಲು ಮತ್ತೆ ವಿಡಿಯೊ ಹಚ್ಚಿದ. ನಡುವೆ ಗೆಳೆಯರು ಬಾಡೂಟದ ಫೋಟೊ ಕಳಿಸಿ ಹೊಟ್ಟೆ ಉರಿಸಿದರು. ತಲೆ ಎತ್ತಿದಾಗ ಹೊತ್ತು ಇಳಿದಿತ್ತು. ಒಂದು ಕುರಿಯೂ ಇಲ್ಲ! ಹಳ್ಳಕೊಳ್ಳ ಸುತ್ತಿದ, ಮುಳ್ಳು ತುಳಿದ, ಕೂಗಿ ಕೂಗಿ ಗಂಟಲು ಕಟ್ಟಿತು. ಅಷ್ಟರಲ್ಲಿ ಫೋನು ಬಂತು. ಅತ್ತೆ! ಆಗಲೇ ಮನೆಗೆ ಮರಳಿದ್ದಳು.

"ಎಲ್ಲಿದೀರಿ ಅಳಿಯಂದ್ರೆ?"

"ತಪ್ಪಾತು ಅತ್ತೆ... ಕುರಿ ಎಲ್ಲಾ ಕಳೆದೋದ್ವು!"

"ಕಳೆದೋಗಕ್ಕೆ ಅವೇನು ವಿಡಿಯೊ ನೋಡ್ತಾವಾ? ಆಗಲೇ ಬಂದು ರೊಪ್ಪ ಸೇರ್ಯಾವೆ. ಒಂಟಿ ಕಾಯಿ ಅಂತ ಹೊರಗೆ ಉಳಿದಿರೋದು ನೀವೊಬ್ರೇ. ಬೇಗ ಬರ್ರಿ, ಅಲ್ಲಿ ತೋಳ ಐತೆ!"