ಬಿರುದಿಲ್ಲದ ಎಚ್ಚರಿಕೆ

ಬಹಳ ಹಿಂದೆ, ಅಂದರೆ ನಿಮ್ಮ ಫೋನಿನ ಕೊನೆಯ ಅಪ್‌ಡೇಟಿಗಿಂತ ತುಸು ಮುಂಚೆ, ಸುಭದ್ರಪುರಿ ಎಂಬ ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ನಿಶ್ಚಿಂತವರ್ಮರು ಆಳುತ್ತಿದ್ದರು. ಆಳುತ್ತಿದ್ದೇನೆ ಎಂದು ಅವರೇ ದಿನಕ್ಕೆ ನಾಲ್ಕು ಸಲ ಪ್ರಜೆಗಳಿಗೆ ತಿಳಿಸುತ್ತಿದ್ದುದರಿಂದ ಈ ವಿಷಯ ನಮಗೂ ಗೊತ್ತಾಗಿದೆ.

ಆ ರಾಜ್ಯದ ಮನೆಗಳಿಗೆ ಬೀಗವಿರಲಿಲ್ಲ. ಪ್ರತಿ ಬಾಗಿಲಿಗೂ ಒಂದು ಗುಟ್ಟಿನ ಮಾತಿತ್ತು. ಹೊಸ್ತಿಲ ಮುಂದೆ ನಿಂತು ಅದನ್ನು ಮೆಲ್ಲಗೆ ಹೇಳಿದರೆ ಬಾಗಿಲು ತೆರೆಯುತ್ತಿತ್ತು. ಬೇರೆ ಏನು ಹೇಳಿದರೂ, ಬೈದರೂ, ಒದ್ದರೂ ತೆರೆಯುತ್ತಿರಲಿಲ್ಲ. ಒಳಗೆ ಹೋದವರು ಬೇಕೆಂದರೆ ಆ ಮಾತನ್ನು ಬದಲಿಸಲೂಬಹುದಿತ್ತು. ಜೊತೆಗೆ ಎಲ್ಲರ ಕೈಯಲ್ಲೂ ಒಂದೊಂದು ಕೈಗನ್ನಡಿ. ಅದರಲ್ಲಿ ದೂರದ ನೆಂಟರ ಮುಖ ಕಾಣುತ್ತಿತ್ತು, ಸಂತೆಯ ದರ ಕಾಣುತ್ತಿತ್ತು, ಗುರುತೇ ಇಲ್ಲದವರ ಮದುವೆಯ ಊಟ ಕಾಣುತ್ತಿತ್ತು, ಮತ್ತು ನಾಲ್ಕು ಸಲ ಮಹಾರಾಜರು ಕಾಣುತ್ತಿದ್ದರು.

ಕನ್ನಡಿಯಲ್ಲಿ ಬಂದದ್ದರಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ತಿಳಿಯಲು ಒಂದು ಪುರಾತನ ಪದ್ಧತಿಯಿತ್ತು. ಅರಮನೆಯ ಯಾವುದೇ ಸುದ್ದಿಯ ಮುಂದೆ ಮಹಾರಾಜರ ಮೂವತ್ತೆರಡು ಬಿರುದುಗಳು ಬರಬೇಕು: ಅರಿಭಯಂಕರ, ಪ್ರಜಾಪಾರಿಜಾತ, ತ್ರಿಭುವನಮಾರ್ತಾಂಡ, ಏಕಕಾಲಕ್ಕೆ ಎರಡು ಸಭೆಗಳ ಅಧ್ಯಕ್ಷ, ಇತ್ಯಾದಿ. ಹಿಂದಿನ ಕಾಲದಲ್ಲಿ ಕುದುರೆಯ ಮೇಲೆ ಸುದ್ದಿ ತರುತ್ತಿದ್ದ ಹೊಗಳುಭಟನಿಗೆ ಇಷ್ಟನ್ನು ತಪ್ಪಿಲ್ಲದೆ ಒಪ್ಪಿಸುವುದನ್ನು ಕಲಿಯಲು ಹನ್ನೆರಡು ವರ್ಷ ಬೇಕಾಗುತ್ತಿತ್ತು. ಕಳ್ಳರಿಗೆ ಅಷ್ಟು ಪುರುಸೊತ್ತಿರಲಿಲ್ಲ. ಹಾಗಾಗಿ ಕಾನೂನು ಚಿಕ್ಕದಾಗಿತ್ತು: ಬಿರುದಿದ್ದರೆ ನಿಜ, ಬಿರುದಿಲ್ಲದಿದ್ದರೆ ಸುಳ್ಳು.

ಆಮೇಲೆ ಸಮುದ್ರದಾಚೆಯಿಂದ ಹೊಸ ಕನ್ನಡಿಗಳು ಬಂದವು. ಯಾರ ಮುಖ ಬೇಕೋ ಆ ಮುಖ, ಯಾರ ದನಿ ಬೇಕೋ ಆ ದನಿ ಅವುಗಳಲ್ಲಿ ತಯಾರಾಗುತ್ತಿತ್ತು. ಮೂವತ್ತೆರಡು ಬಿರುದುಗಳನ್ನು ಅವು ಕಣ್ಣು ಮಿಟುಕಿಸುವಷ್ಟರಲ್ಲಿ ಒಪ್ಪಿಸುತ್ತಿದ್ದವು. ಕನ್ನಡಿ ರಿಪೇರಿ ಮಾಡುವವರು ಇದನ್ನು ಕಂಡು, ಹಳೆಯ ಕಾನೂನು ಇನ್ನು ಕೆಲಸಕ್ಕೆ ಬಾರದೆಂದು ಅರಮನೆಗೆ ಅರ್ಜಿ ಕೊಟ್ಟರು. ಮಹಾಮಾತ್ಯ ತಥಾಸ್ತುರಾಯರು ಉನ್ನತ ಮಟ್ಟದ ಸಮಿತಿಯೊಂದನ್ನು ರಚಿಸಿದರು. ಮಹಾರಾಜರ ಬಿರುದುಗಳನ್ನು ಕಳ್ಳನೊಬ್ಬ ಉಚ್ಚರಿಸುವ ಧೈರ್ಯ ಮಾಡುತ್ತಾನೆಂದು ಶಂಕಿಸುವುದೇ ರಾಜದ್ರೋಹ ಎಂದು ಸಮಿತಿ ವರದಿ ನೀಡಿತು. ವರದಿಯ ಮುಖಪುಟದ ಮೇಲೆ ಮಹಾರಾಜರ ಚಿತ್ರವಿತ್ತು. ಹೊಸ ಕನ್ನಡಿಯಲ್ಲಿ ಮಾಡಿದ್ದರಿಂದ ಹೊಟ್ಟೆ ಸ್ವಲ್ಪ ಒಳಗೆ ಹೋಗಿತ್ತು. ಮಹಾರಾಜರು ತಂತ್ರಜ್ಞಾನವನ್ನು ಮುಕ್ತಕಂಠದಿಂದ ಶ್ಲಾಘಿಸಿದರು.

ಈಗ ಹಂಪವ್ವನ ವಿಷಯ. ಹಳೆ ಸೀರೆಗಳ ತುಂಡು ಕೂಡಿಸಿ ಕೌದಿ ಹೊಲಿಯುವುದು ಅವಳ ಕಸುಬು. ಅವಳಿಗೆ ಇದ್ದದ್ದು ಒಂದೇ ಕೋಣೆಯ ಮನೆ. ಅದರೊಳಗೆ ಅರಿವೆ, ಸೂಜಿ, ದಾರ, ಅರ್ಧ ಹೊಲಿದ ಏಳು ಕೌದಿಗಳು. ಮನೆ ಹೋದರೆ ಕಸುಬೂ ಹೋಯಿತು.

ಒಂದು ಬೆಳಿಗ್ಗೆ ಅವಳ ಕನ್ನಡಿಯಲ್ಲಿ ಸಾಕ್ಷಾತ್ ಮಹಾರಾಜರು ಪ್ರತ್ಯಕ್ಷರಾದರು. ಮೂವತ್ತೆರಡು ಬಿರುದುಗಳೂ ಬಂದವು. ಅವುಗಳ ತುದಿಗೆ ಹಿಂದೆಂದೂ ಕೇಳಿರದ ಒಂದು ಹೊಸ ಬಿರುದೂ ಇತ್ತು: ದರ್ಪಣಲೋಕ ಸಾರ್ವಭೌಮ. ಎಲ್ಲ ಬಾಗಿಲುಗಳನ್ನು ಅಪ್‌ಡೇಟ್ ಮಾಡಲಾಗುತ್ತಿದೆ, ಸೂರ್ಯ ನೆತ್ತಿಗೇರುವುದರೊಳಗೆ ಗುಟ್ಟಿನ ಮಾತು ತಿಳಿಸದವರ ಬಾಗಿಲು ಶಾಶ್ವತವಾಗಿ ಮುಚ್ಚಿಹೋಗುತ್ತದೆ ಎಂದರು ಮಹಾರಾಜರು. ಹಂಪವ್ವ ಬಿರುದುಗಳನ್ನು ಬೆರಳು ಮಡಚಿ ಎಣಿಸಿದಳು. ಒಂದು ಹೆಚ್ಚೇ ಇತ್ತು. ಹೆಚ್ಚಿದ್ದ ಮೇಲೆ ಇನ್ನೂ ನಿಜವಿರಬೇಕು. ಕಾನೂನಿಗೆ ತಲೆಬಾಗುವ ಹೆಂಗಸು ಅವಳು. ಹೇಳಿಬಿಟ್ಟಳು.

ಹೊಳೆಯಲ್ಲಿ ಅರಿವೆ ಒಗೆದುಕೊಂಡು ಬಂದು ಬಾಗಿಲ ಮುಂದೆ ಗುಟ್ಟಿನ ಮಾತು ಹೇಳಿದಾಗ ಬಾಗಿಲು ತೆರೆಯಲಿಲ್ಲ. ಮತ್ತೆ ಹೇಳಿದಳು. ಒಳಗೆ ಯಾರೋ ಕೆಮ್ಮಿದರು.

"ಒಳಗ ಯಾರು?" ಎಂದಳು.

"ಹಂಪವ್ವ," ಎಂದಿತು ಒಳಗಿನ ದನಿ. ಗಂಡು ದನಿ, ಬೆಲ್ಲದ ಪಾಕದಂಥದು.

"ಹಂಪವ್ವ ನಾನಪಾ."

"ಹಾಗಂತ ಹೇಳಿಕೊಂಡು ಬಹಳ ಜನ ಬರುತ್ತಾರಮ್ಮ. ಕಾಲ ಕೆಟ್ಟಿದೆ. ನಾವು ಎಚ್ಚರವಾಗಿರಬೇಕು."

ಅವಳು ಬಾಗಿಲು ಸುರಕ್ಷಾ ಕಚೇರಿಗೆ ಹೋದಳು. ಕಿಟಕಿಯೊಳಗೆ ಕುಳಿತಿದ್ದ ಗುಮಾಸ್ತ ಸಂಗಮನಾಥ ಒಳ್ಳೆಯವನು. ಪೂರ್ತಿ ಕೇಳಿಸಿಕೊಂಡ.

"ಚಿಂತಿ ಮಾಡಬ್ಯಾಡ್ರಿ ಅವ್ವಾರ, ಹೊಸಾ ಮಾತು ಕಳಸ್ತೀನಿ. ನಿಮ್ಮ ಮನಿ ಒಳಗಿನ ಗೂಡಿನ್ಯಾಗ ಬಂದು ಬೀಳತೈತಿ. ಹೋಗಿ ತಗೋರಿ."

"ಒಳಗ ಹೋಗಾಕ ಆಗಿದ್ರ ನಾ ಇಲ್ಲಿಗ್ಯಾಕ ಬರತಿದ್ದೆ ತಮ್ಮಾ?"

ಗುಮಾಸ್ತ ಯೋಚಿಸಿದ. ಅಂಥವರಿಗೆ ಬೇರೆ ನಮೂನೆಯ ಅರ್ಜಿಯಿದೆ ಎಂದ. ಅರ್ಜಿಯ ಜೊತೆಗೆ ಅರ್ಜಿದಾರರು ಸ್ವಂತ ಮನೆಯ ಒಳಗೆ ಕುಳಿತಿರುವ ಚಿತ್ರ ಲಗತ್ತಿಸಬೇಕಿತ್ತು. ಹಂಪವ್ವ ಅವನ ಮುಖವನ್ನು ನೋಡಿದಳು. ಅವನು ಕಾಯಿದೆ ಪುಸ್ತಕವನ್ನು ನೋಡಿದ. ಅಲ್ಲಿ ಹಾಗೇ ಇತ್ತು.

ಆ ದಿನದಿಂದ ಅವಳು ಪಕ್ಕದ ಮನೆಯ ದ್ಯಾಮವ್ವನ ಕಟ್ಟೆಯ ಮೇಲೆ ಉಳಿದಳು. ದ್ಯಾಮವ್ವ ಬುಟ್ಟಿ ಹೆಣೆಯುವವಳು, ನಾಲಿಗೆ ಚೂಪು, ಕೈ ದೊಡ್ಡದು. ಗುಟ್ಟಿನ ಮಾತನ್ನು ಕನ್ನಡಿಗೆ ಹೇಳಿದ ಬುದ್ಧಿವಂತೆ ಎಂದು ದಿನಕ್ಕೆರಡು ಸಲ ಹಂಗಿಸಿ, ಎರಡು ಸಲವೂ ರೊಟ್ಟಿ ಕೊಡುತ್ತಿದ್ದಳು.

ತನಗಾದದ್ದು ಓಣಿಗೆ ಆಗಬಾರದೆಂದು ಹಂಪವ್ವ ಕನ್ನಡಿಯಲ್ಲಿ ತನ್ನ ಮುಖ ತೋರಿಸಿ, ತನ್ನ ದನಿಯಲ್ಲೇ ಒಂದು ಸುದ್ದಿ ಕಳಿಸಿದಳು: ಬಾಗಿಲ ಮಾತು ಯಾರಿಗೂ ಹೇಳಬೇಡಿ, ಅರಸರ ಮುಖ ಬಂದರೂ ಹೇಳಬೇಡಿ, ಸಂಶಯ ಬಂದರೆ ಕನ್ನಡಿ ಮುಚ್ಚಿಟ್ಟು ಕಾಲಲ್ಲಿ ನಡೆದುಹೋಗಿ ಕೇಳಿಕೊಂಡು ಬನ್ನಿ. ಇಷ್ಟು ಉಪಯುಕ್ತ ಸುದ್ದಿ ಸುಭದ್ರಪುರಿಯ ಕನ್ನಡಿಗಳಲ್ಲಿ ಹಿಂದೆ ಬಂದಿರಲಿಲ್ಲ. ಆದರೆ ಅದರ ಮುಂದೆ ಒಂದೇ ಒಂದು ಬಿರುದೂ ಇರಲಿಲ್ಲ. ಸುಳ್ಳು ಸುದ್ದಿ ಹಬ್ಬಿಸಿದ ಅಪರಾಧಕ್ಕೆ ಅವಳ ಕನ್ನಡಿಯನ್ನು ಜಪ್ತಿ ಮಾಡಿ, ಅವಳನ್ನು ರಾಜಸಭೆಗೆ ಎಳೆದು ತಂದರು.

ಮಹಾರಾಜರು ವಿಚಾರಣೆಗೆ ತಾವೇ ಕುಳಿತರು. ಬೇರೆ ಕೆಲಸವಿರಲಿಲ್ಲ. ತನಗೆ ಬಂದ ಸುದ್ದಿಯನ್ನು ಬಿರುದುಗಳ ಸಮೇತ ಒಪ್ಪಿಸುವಂತೆ ಹಂಪವ್ವನಿಗೆ ಆಜ್ಞೆಯಾಯಿತು. ಅವಳು ಒಪ್ಪಿಸಿದಳು. ಮೂವತ್ತಮೂರನೆಯದನ್ನು ಕೇಳಿದಾಗ ಮಹಾರಾಜರು ಸಿಂಹಾಸನದಲ್ಲಿ ನೆಟ್ಟಗಾದರು.

"ಇನ್ನೊಮ್ಮೆ ಹೇಳು."

"ದರ್ಪಣಲೋಕ ಸಾರ್ವಭೌಮ, ಮಾರಾಜ."

ಮಹಾರಾಜರು ಕಣ್ಣು ಮುಚ್ಚಿ ಅದನ್ನು ಸವಿದರು. ಆಮೇಲೆ ತಥಾಸ್ತುರಾಯರ ಕಡೆ ತಿರುಗಿ, ಈ ಸುದ್ದಿಯನ್ನು ತಾವು ಕಳಿಸಿದ ನೆನಪಿಲ್ಲವಲ್ಲ ಎಂದರು. ತಥಾಸ್ತುರಾಯರು ಕೈಮುಗಿದು, ಮಹಾಪ್ರಭುಗಳ ಮಹತ್ಕಾರ್ಯಗಳು ಅಸಂಖ್ಯಾತವಾದ್ದರಿಂದ ಎಲ್ಲವೂ ನೆನಪಿರುವುದು ಪ್ರಭುಗಳ ಘನತೆಗೆ ತಕ್ಕುದಲ್ಲ ಎಂದು ಬಿನ್ನವಿಸಿದರು. ಬಿರುದುಗಳು ಪೂರ್ತಿ ಇವೆ, ಆದ್ದರಿಂದ ಸುದ್ದಿ ನಿಜ. ಇನ್ನು ಉಳಿದದ್ದು ಇಂಥ ಬಿರುದು ರಚಿಸಿದ ಪ್ರತಿಭಾವಂತನನ್ನು ಹುಡುಕಿ ಸನ್ಮಾನಿಸುವುದು ಮಾತ್ರ.

ಸನ್ಮಾನವೆಂದು ಡಂಗುರ ಸಾರಿದ ಕೂಡಲೇ ಆತ ತಾನಾಗಿಯೇ ಬಂದ. ಹೆಸರು ಮಧುಕಂಠ. ಬಂದವನೇ ಸಾಷ್ಟಾಂಗವೆರಗಿ ಮೂವತ್ತಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಹಂಪವ್ವ ಎದ್ದು ನಿಂತಳು.

"ಈ ದನಿ ನನ್ನ ಮನ್ಯಾಗಿಂದು, ಮಾರಾಜ. ನನ್ನ ಬಾಗಲಾ ಹಾಕ್ಕೊಂಡು ಒಳಗ ಕುಂತಾನಲ್ಲ, ಅವನ ಇವನು."

ಸಭೆಯಲ್ಲಿ ಗದ್ದಲವೇನೂ ಆಗಲಿಲ್ಲ. ಮಧುಕಂಠ ನಾಚಿಕೊಂಡು ಮುಗುಳ್ನಕ್ಕ. ಮಹಾರಾಜರು ಅದಾಗಲೇ ಅವನನ್ನು ಬಾಗಿಲು ಸುರಕ್ಷಾ ಸಚಿವನನ್ನಾಗಿ ನೇಮಿಸಿ ಆಗಿತ್ತು. ಪೇಟ ತರಲು ಆಳು ಒಳಗೆ ಹೋಗಿದ್ದ. ಈ ಬಿಕ್ಕಟ್ಟನ್ನು ಬಿಡಿಸಿದವರು ತಥಾಸ್ತುರಾಯರು.

"ಮಹಾಪ್ರಭು, ಇವರು ಈಗ ಸಚಿವರು. ಸಚಿವರು ವಾಸಿಸುವ ಮನೆ ಸರ್ಕಾರಿ ನಿವಾಸ. ಸರ್ಕಾರಿ ನಿವಾಸದ ಮೇಲೆ ಹಕ್ಕು ಸಾಧಿಸುವುದು ಅತಿಕ್ರಮಣ. ಆದರೂ ಈಕೆ ಅಜ್ಞಾನಿ, ಈ ಸಲ ಕ್ಷಮಿಸಬಹುದು."

ಮಹಾರಾಜರು ಕ್ಷಮಿಸಿದರು. ಅವರ ಕ್ಷಮಾಗುಣದ ಮೇಲೆ ಮಧುಕಂಠ ಅಲ್ಲೇ ಮೂವತ್ತನಾಲ್ಕನೆಯ ಬಿರುದು ಕಟ್ಟಿದ.

ಹೊಸ ಸಚಿವರ ಮೊದಲ ಯೋಜನೆ ಮರುವಾರವೇ ಜಾರಿಯಾಯಿತು. ಗುಟ್ಟಿನ ಮಾತುಗಳು ಪ್ರಜೆಗಳ ಬಾಯಲ್ಲಿ ಚದುರಿಹೋಗಿರುವುದೇ ಅಪಾಯಕ್ಕೆ ಮೂಲ. ಎಲ್ಲವನ್ನೂ ಒಂದೇ ಕಡೆ, ಸಚಿವರ ಬಳಿ, ಜೋಪಾನವಾಗಿಡಬೇಕು. ಜನ ಸಾಲುಗಟ್ಟಿ ನಿಂತರು. ಹಂಪವ್ವ ಸಾಲಿನುದ್ದಕ್ಕೂ ನಡೆಯುತ್ತ ಹೇಳಬೇಡಿ, ಹೇಳಬೇಡಿ ಎಂದು ಕಿವಿಯಲ್ಲಿ ಊದಿದಳು. ಕೇಳಿದವರು ಸಭ್ಯರು, ನಿನ್ನ ಮಾತಿಗೆ ಬಿರುದೆಲ್ಲಿದೆಯಮ್ಮ ಎಂದಷ್ಟೇ ಕೇಳಿದರು. ಸಾಲಿನ ನಡುವೆ ದ್ಯಾಮವ್ವನೂ ನಿಂತಿದ್ದಳು.

"ಇಷ್ಟು ದಿನಾ ನನ್ನ ಹಂಗಿಸಿದೆಲ್ಲ, ಈಗ ನೀ ಯಾಕ ನಿಂತಿ?" ಎಂದಳು ಹಂಪವ್ವ.

"ನೀ ಕನ್ನಡಿಗೆ ಹೇಳಿದಿ. ನಾ ಕಚೇರಿಗೆ ಹೇಳಾಕತ್ತೀನಿ. ನಾ ಏನು ನಿನ್ನಂಗ ದಡ್ಡಿ ಏನು?"

ಇಲ್ಲಿ ಹಂಪವ್ವನಿಗೆ ಒಂದು ಉಪಾಯ ಹೊಳೆಯಿತು. ದ್ಯಾಮವ್ವನ ಕೈಗನ್ನಡಿ ಕಸಿದುಕೊಂಡು ಗೋಡೆಯ ಮರೆಗೆ ಹೋದಳು. ಮೂವತ್ತನಾಲ್ಕು ಬಿರುದು ಬಾಯಿಪಾಠವಾಗಿದ್ದವು. ಮೂವತ್ತೈದನೆಯದನ್ನು ತಾನೇ ಹೊಲಿದಳು. ತುಂಡು ಕೂಡಿಸುವುದು ಅವಳ ಕಸುಬೇ ತಾನೆ. ಕನ್ನಡಿಗೆ ಮುಖ ತೋರಿಸದೆ, ಗಗನಮಂಡಲ ಗವಾಕ್ಷಿ ಗಂಡಭೇರುಂಡ ಎಂದಳು. ಅರ್ಥ ಅವಳಿಗೂ ಗೊತ್ತಿರಲಿಲ್ಲ. ಅದರ ಹಿಂದೆಯೇ ಸುದ್ದಿ: ಗುಟ್ಟಿನ ಮಾತನ್ನು ಸಚಿವರಿಗೂ ಹೇಳತಕ್ಕದ್ದಲ್ಲ, ಎಲ್ಲರೂ ಮನೆಗೆ ಹೋಗತಕ್ಕದ್ದು. ಸಾಲು ಎರಡು ನಿಮಿಷದಲ್ಲಿ ಕರಗಿತು. ಹಿಂದೆ ಇದೇ ಮಾತು ಹೇಳಿದ್ದಕ್ಕೆ ಅವಳನ್ನು ಹಿಡಿದುಕೊಟ್ಟವರು ಈಗ ಅದನ್ನು ಹತ್ತು ಹತ್ತು ಜನಕ್ಕೆ ಫಾರ್ವರ್ಡ್ ಮಾಡುತ್ತ ಮನೆಗೆ ಓಡಿದರು.

ಮಧುಕಂಠ ಸುಮ್ಮನಿರುವವನೇ? ಮಧ್ಯಾಹ್ನಕ್ಕೆ ಮೂವತ್ತಾರು ಬಿರುದುಗಳೊಡನೆ ಮರಳಿ ಬನ್ನಿ ಎಂದ. ಸಂಜೆಗೆ ಹಂಪವ್ವ ಅದನ್ನು ಮೂವತ್ತೇಳಕ್ಕೇರಿಸಿ, ಹೋಗಬೇಡಿ ಎಂದಳು. ಜನ ಸಾಲಿಗೆ ಬರುವುದು, ಮನೆಗೆ ಹೋಗುವುದು, ಮತ್ತೆ ಬರುವುದು. ಎರಡು ತಿಂಗಳಲ್ಲಿ ಬಿರುದುಗಳು ನಾನೂರು ದಾಟಿದವು. ಯಾವ ಸುದ್ದಿ ಹೆಚ್ಚು ನಿಜವೆಂದು ತಿಳಿಯಲು ಬೆಳಿಗ್ಗೆ ಕನ್ನಡಿ ಹಿಡಿದು ಕುಳಿತವರು ಏಳುವಾಗ ಹೊತ್ತು ಇಳಿದಿರುತ್ತಿತ್ತು. ಹೊಲಿಗೆ ನಿಂತಿತು, ಹೆಣಿಗೆ ನಿಂತಿತು, ಕಚೇರಿಯ ಕಿಟಕಿ ಮುಚ್ಚಿತು. ಬಿರುದು ಎಣಿಸುವುದರಲ್ಲಿ ಸೋತು ಸುಸ್ತಾದವರು, ಒಮ್ಮೆ ಹೇಳಿ ಕೈತೊಳೆದುಕೊಳ್ಳೋಣವೆಂದು ತಾವಾಗಿಯೇ ಹೋಗಿ ಗುಟ್ಟಿನ ಮಾತು ಒಪ್ಪಿಸಿಬಂದರು. ಅವರಲ್ಲಿ ದ್ಯಾಮವ್ವನೂ ಒಬ್ಬಳು. ಇದೆಲ್ಲದರ ನಡುವೆ ಸಂತೋಷವಾಗಿದ್ದವರು ಮಹಾರಾಜರು ಒಬ್ಬರೇ. ಪ್ರಜೆಗಳು ಇಡೀ ದಿನ ತಮ್ಮ ಬಿರುದುಗಳನ್ನೇ ಕೇಳುತ್ತಿದ್ದಾರೆ. ಇಂಥ ರಾಮರಾಜ್ಯ ಮತ್ತೆಲ್ಲಿದೆ?

ಅರ್ಧದಷ್ಟು ಬಿರುದುಗಳನ್ನು ಕಟ್ಟುತ್ತಿರುವವಳು ಹಂಪವ್ವ ಎಂದು ತಿಳಿದಾಗ ಅವರು ಕೋಪಿಸಿಕೊಳ್ಳಲಿಲ್ಲ. ಅವಳನ್ನು ಕರೆಸಿ ಪಕ್ಕದಲ್ಲಿ ನಿಲ್ಲಿಸಿಕೊಂಡು, ಉಪಸಚಿವೆಯ ಹುದ್ದೆ ಘೋಷಿಸಿದರು. ಹುದ್ದೆಯ ಜೊತೆಗೆ ವಾಸಕ್ಕೆ ಮನೆ.

ಅವಳು ಕೇಳಿದ್ದು ಒಂದೇ. ಯಾವ ಮನೆ, ತನ್ನದೇನು?

ಅವಳದು ಈಗ ಪಾರಂಪರಿಕ ಕಟ್ಟಡ, ಅದಕ್ಕೆ ಸಚಿವರ ಹೆಸರಿಟ್ಟಾಗಿದೆ ಎಂದರು ತಥಾಸ್ತುರಾಯರು. ಪಕ್ಕದಲ್ಲೇ ಒಂದು ಒಳ್ಳೆಯ ಮನೆಯಿದೆ. ಅದರ ಬಾಗಿಲ ಮಾತು ನಿನ್ನೆಯಷ್ಟೇ ಇಲಾಖೆಯ ಕೈಸೇರಿದೆ. ಮುಂದೆ ಕಟ್ಟೆಯೂ ಉಂಟು.

ಮೂರು ತಿಂಗಳು ಬಯಲಲ್ಲಿ ಮಲಗಿದವಳಿಗೆ ಸೂರೆಂದರೆ ಏನೆಂದು ಸೂರಿನಡಿ ಕುಳಿತು ಓದುವ ನಾವು ಹೇಳಬೇಕಾಗಿಲ್ಲ. ಆದರೂ ಹಂಪವ್ವ ಒಂದೇ ಮಾತು ಹೇಳಿದಳು.

"ಬ್ಯಾಡ."

ತಥಾಸ್ತುರಾಯರು ಕಿವಿಗೊಟ್ಟು ಕಾದರು. ಆ ಮಾತಿನ ಹಿಂದೆ ಮುಂದೆ ಯಾವ ಬಿರುದೂ ಬರಲಿಲ್ಲ. ಅವರು ಬಾಗಿಲು ಸುರಕ್ಷಾ ಕಚೇರಿಯಿಂದ ಬಂದು ಕುಳಿತಿದ್ದ ಗುಮಾಸ್ತನಿಗೆ ಕಣ್ಸನ್ನೆ ಮಾಡಿದರು. ಬಿರುದಿಲ್ಲದ ಮಾತು ಸುಳ್ಳು. ಬೇಡವೆಂಬುದು ಸುಳ್ಳಾದರೆ ಬೇಕೆಂಬುದು ನಿಜ. ಸಂಗಮನಾಥ ಹಾಗೆಯೇ ಬರೆದುಕೊಂಡ. ಮಹಾರಾಜರು ತಮ್ಮ ಕೈಯಾರೆ ಅವಳ ತಲೆಗೆ ಪೇಟ ತೊಡಿಸಿದರು, ಸಭೆ ಚಪ್ಪಾಳೆ ತಟ್ಟಿತು, ಮಧುಕಂಠ ಹೊಸ ಸಹೋದ್ಯೋಗಿಗೆ ಹೂಗುಚ್ಛ ಕೊಟ್ಟ.

ಅವಳು ಓಣಿಗೆ ಬಂದು ಮುಟ್ಟುವುದರೊಳಗೆ ಆದೇಶ ಬಂದು ಮುಟ್ಟಿತ್ತು. ದ್ಯಾಮವ್ವನ ಬಾಗಿಲ ಮಾತು ಬದಲಾಗಿತ್ತು. ಹೊಸ ಮಾತನ್ನು ಉಪಸಚಿವೆಗೆಂದು ಇಲಾಖೆ ಕಳಿಸಿತ್ತು. ನಿಯಮದ ಪ್ರಕಾರ ಅದು ಮನೆಯ ಒಳಗಿನ ಗೂಡಿನಲ್ಲಿ ಬಂದು ಬಿದ್ದಿತ್ತು. ಕಟ್ಟೆಯ ಸುತ್ತ, ಸರ್ಕಾರಿ ಸ್ವತ್ತೆಂದು, ಹಗ್ಗ ಕಟ್ಟಿ ಕಾವಲಿನವನೊಬ್ಬ ನಿಂತಿದ್ದ. ದ್ಯಾಮವ್ವ ಬೀದಿಯಲ್ಲಿ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕುಳಿತಿದ್ದಳು. ಪೇಟ ತೊಟ್ಟು ಬಂದ ಹಂಪವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಾ ಒಲ್ಲೆ ಅಂದೆ ದ್ಯಾಮಿ," ಎಂದಳು ಹಂಪವ್ವ.

"ಗೊತ್ತೈತಿ, ಕನ್ನಡ್ಯಾಗ ನೋಡಿದೆ," ಎಂದಳು ದ್ಯಾಮವ್ವ. "ಹೂಂ ಅಂದಿದ್ರ ಒಳಗ ಹೋಗೂ ಮಾತು ಅಲ್ಲೇ ಕೇಳಿ ಇಸಕೊಂಡು ಬರತಿದ್ದಿ. ನೀ ಒಳಗ ಮಲಗತಿದ್ದಿ, ನಾ ಕಟ್ಟಿ ಮ್ಯಾಲೆ ಮಲಗತಿದ್ದೆ."