ದೊಡ್ಡವ್ವನ ಸಂದರ್ಶನ

ನಗುವುದಿಲ್ಲ ಎಂದು ಮಾತು ಕೊಟ್ಟರೆ ಒಂದು ಗುಟ್ಟು ಹೇಳುತ್ತೇನೆ. ಒಬ್ಬೊಬ್ಬರಿಗೆ ಒಂದೊಂದು ಆಸೆಯಿರುತ್ತದೆ. ಕೆಲವರಿಗೆ ಸೈಟು, ಕೆಲವರಿಗೆ ಕಾರು, ನನ್ನ ಹೆಂಡತಿಗೆ ಒಮ್ಮೆಯಾದರೂ ವಿಮಾನ ಹತ್ತಬೇಕೆಂದು. ನನ್ನ ಆಸೆಗೆ ಕಾಸು ಬೇಕಾಗಿಲ್ಲ. ಯಾರಾದರೂ ನನ್ನ ಎದುರು ಕೂತು, ಗಲ್ಲಕ್ಕೆ ಕೈಯಿಟ್ಟುಕೊಂಡು, "ನಿಮ್ಮ ಬಗ್ಗೆ ಹೇಳಿ" ಎನ್ನಬೇಕು, ಅಷ್ಟೇ. ಐವತ್ತಾರು ವರ್ಷವಾಯಿತು, ಯಾರೂ ಅಂದಿಲ್ಲ. ಹಾಗಂತ ನನ್ನನ್ನು ಯಾರೂ ಪ್ರಶ್ನೆಯೇ ಕೇಳುವುದಿಲ್ಲ ಎಂದಲ್ಲ. ಮೊಳಕಾಲ್ಮೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿರುವ ನನ್ನ ಮೇಜು ಬಾಗಿಲ ಪಕ್ಕದಲ್ಲೇ ಇರುವುದರಿಂದ ಬೆಳಿಗ್ಗೆಯಿಂದ ಸಂಜೆಯವರೆಗೆ ನೂರು ಜನ ಕೇಳುತ್ತಾರೆ, "ಸಾಹೇಬ್ರು ಬಂದಾರೇನ್ರಿ?" ಇಲ್ಲ ಎಂದರೆ ಇನ್ನೊಂದು ಪ್ರಶ್ನೆ, "ಯಾವಾಗ ಬರ್ತಾರೆ?" ಈ ಎರಡಕ್ಕೆ ಉತ್ತರ ಹೇಳುವುದರಲ್ಲೇ ನನ್ನ ಸರ್ವಿಸು ಮುಗಿಯುತ್ತಾ ಬಂತು.

ಈ ಆಸೆ ಮೊದಲಿನಿಂದ ಇದ್ದದ್ದಲ್ಲ, ಹತ್ತಿಸಿದವಳು ಮಗಳು. ನಾನು ಚಳ್ಳಕೆರೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುವವನು. "ಅಪ್ಪಾ, ಬಸ್ಸಿನಾಗೆ ಬಾಯಿ ಕಳ್ಕಂಡು ನಿದ್ದೆ ಹೊಡಿಯೋ ಬದ್ಲು ಇದನ್ನ ಕೇಳು" ಎಂದು ನನ್ನ ಫೋನಿಗೆ ಒಂದು ಪಾಡ್‌ಕಾಸ್ಟ್ ಹಾಕಿಕೊಟ್ಟಳು. ಸಾಧಕರ, ಚಿಂತಕರ ಸಂದರ್ಶನಗಳು. ಬೆಟ್ಟ ಹತ್ತಿದವರು, ಕಂಪನಿ ಕಟ್ಟಿದವರು, ಕಂಪನಿ ಮುಳುಗಿಸಿ ಅದರಿಂದ ಪಾಠ ಕಲಿತವರು, ಏನೂ ಮಾಡದೆ ಬರೀ ಯೋಚನೆ ಮಾಡಿಯೇ ದೊಡ್ಡವರಾದವರು. ಸಂದರ್ಶಕನ ಧ್ವನಿಯಂತೂ ಬೆಣ್ಣೆ. "ನಿಮ್ಮ ಮುಂಜಾವು ಹೇಗೆ ಶುರುವಾಗುತ್ತದೆ?" ಎಂದು ಅವನು ಕೇಳಿದರೆ ಎಲ್ಲ ಸಾಧಕರೂ ಒಂದೇ ಉತ್ತರ ಕೊಡುತ್ತಾರೆ: "ನಾನು ನಾಲ್ಕೂವರೆಗೆ ಏಳುತ್ತೇನೆ." ಅಯ್ಯೋ ಶಿವನೇ, ನಲ್ಲಿಯಲ್ಲಿ ನೀರು ಬಿಡುವ ದಿನ ನಮ್ಮ ಬೀದಿಗೆ ಬೀದಿಯೇ ನಾಲ್ಕೂವರೆಗೆ ಎದ್ದು ಬಿಂದಿಗೆ ಹಿಡಿದು ನಿಂತಿರುತ್ತದೆ. ನಮ್ಮನ್ನು ಯಾರಾದರೂ ಕೇಳಿದ್ದಾರೆಯೇ?

ಕೇಳಿದರೆ ಇರಲಿ ಎಂದು ನಾನು ತಯಾರಿ ಶುರುಮಾಡಿದೆ. ಸಂದರ್ಶಕ ಪ್ರಶ್ನೆ ಕೇಳಿದ ಕೂಡಲೇ ಫೋನು ನಿಲ್ಲಿಸಿ, ಸಾಧಕರಿಗಿಂತ ಮೊದಲು ನಾನೇ ಮನಸ್ಸಿನಲ್ಲಿ ಉತ್ತರ ಕೊಡುವುದು. ಸೋಲನ್ನು ಹೇಗೆ ಎದುರಿಸಿದಿರಿ? ಶಿಸ್ತಿನ ಬಗ್ಗೆ ನಿಮ್ಮ ಅಭಿಪ್ರಾಯ? ಹದಿನೆಂಟು ವರ್ಷದ ನೀವು ಎದುರಿಗೆ ಬಂದರೆ ಏನು ಹೇಳುತ್ತೀರಿ? (ಆ ಹುಡುಗ ಎದುರಿಗೆ ಬಂದರೆ ಅವನೂ ಸಾಹೇಬ್ರು ಬಂದಾರೇನ್ರಿ ಎಂದೇ ಕೇಳಿಯಾನು ಎಂಬ ಭಯ ನನಗಿದೆ.) ಮನಸ್ಸಿನಲ್ಲಿ ಎಂದುಕೊಂಡಿದ್ದೆ, ಆದರೆ ತುಟಿ ಅಲ್ಲಾಡುತ್ತಿತ್ತಂತೆ. ಒಂದು ದಿನ ಕಂಡಕ್ಟರು ನನ್ನ ಸೀಟಿನ ಪಕ್ಕ ಬಂದು ಬಹಳ ಹೊತ್ತು ಕಾದು, "ಜಪ ಮುಗೀತೇನ್ರಿ ಸಾರ್? ಮುಗಿದ್ರೆ ಟಿಕೆಟ್ ತಗಳ್ರಿ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಮಾರನೆಯ ದಿನದಿಂದ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಸಾಧಕನಾದೆ.

ಎಲ್ಲ ಪ್ರಶ್ನೆಗೂ ನನ್ನಲ್ಲಿ ಉತ್ತರವಿತ್ತು, ಒಂದನ್ನು ಬಿಟ್ಟು. ಪ್ರತಿ ಸಂದರ್ಶನದ ಕೊನೆಗೆ ಅವನು ಧ್ವನಿ ಇನ್ನಷ್ಟು ಇಳಿಸಿ, "ನಿಮ್ಮ ತಾಯಿಯ ಯಾವ ಮಾತು ಈಗಲೂ ಕಿವಿಯಲ್ಲಿದೆ?" ಎಂದು ಕೇಳುತ್ತಾನೆ. ದೊಡ್ಡ ದೊಡ್ಡ ಕಂಪನಿಯವರು ಅಲ್ಲಿಗೆ ಬಂದಾಗ ಗಂಟಲು ಸರಿಮಾಡಿಕೊಳ್ಳುತ್ತಾರೆ. ನಾನು ಫೋನು ನಿಲ್ಲಿಸಿ ಕಿಟಕಿಯಾಚೆ ನೋಡುತ್ತೇನೆ. ನಮ್ಮವ್ವ ಹೋದಾಗ ನನಗೆ ನಾಲ್ಕು ವರ್ಷ. ಮನೆಯಲ್ಲಿ ಅವಳದೊಂದು ಫೋಟೋ ಇದೆ, ಯಾರದೋ ಮದುವೆಯದು. ಅದರಲ್ಲೂ ಮುಂದೆ ನಿಂತವರ ಪೇಟದ ಹಿಂದೆ ಅವಳ ಮುಖ ಅರ್ಧ ಮರೆ. ಸರಿ, ಅರ್ಧ ಮುಖವಾದರೂ ಉಂಟು. ಧ್ವನಿ ಮಾತ್ರ ಎಷ್ಟು ಹುಡುಕಿದರೂ ಒಂದು ಚೂರೂ ಸಿಗುವುದಿಲ್ಲ. ಅವಳು ನನ್ನನ್ನು ಏನೆಂದು ಕರೆಯುತ್ತಿದ್ದಳೋ ನನಗೆ ಗೊತ್ತಿಲ್ಲ.

ಗೊತ್ತಿರುವವರು ಉಳಿದಿರುವುದು ಒಬ್ಬರೇ, ನನ್ನನ್ನು ಸಾಕಿದ ದೊಡ್ಡವ್ವ, ನಮ್ಮಪ್ಪನ ಅಣ್ಣನ ಹೆಂಡತಿ. ಕೊಂಡ್ಲಹಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ, ಎಂಬತ್ತು ದಾಟಿದೆ. ಆ ಊರಿಗೆ ತಿರುಗುವ ದಾರಿಯನ್ನು ನನ್ನ ಬಸ್ಸು ದಿನಕ್ಕೆ ಎರಡು ಸಲ ದಾಟುತ್ತದೆ. ಇಳಿದು ಕೇಳುವುದಕ್ಕೇನು ಧಾಡಿ ಎನ್ನಬಹುದು ನೀವು. ಎದೆ ಹಾಲೊಂದನ್ನು ಬಿಟ್ಟು ಬಾಕಿ ಎಲ್ಲ ಕೊಟ್ಟು ಬೆಳೆಸಿದವಳ ಮುಂದೆ ಕೂತು, ನಮ್ಮವ್ವ ಹೆಂಗಿದ್ದಳು ಎಂದು ಕೇಳುವುದು ಹೇಗೆ? ನಾನು ಸಾಕಿದ್ದು ಸಾಲಲಿಲ್ಲವೇನೋ ಎಂದುಕೊಂಡರೆ? ಹೀಗೆ ಅಂಜಿ ಅಂಜಿ ತಲೆ ಹಣ್ಣಾಯಿತು. ಅವಳಿಗೆ ಈಗೀಗ ಹೆಸರುಗಳು ಅದಲುಬದಲಾಗುತ್ತಿವೆ ಎಂದು ಸೊಸೆ ಫೋನಿನಲ್ಲಿ ಹೇಳಿದ ದಿನ, ಇನ್ನು ತಡಮಾಡಿದರೆ ಆಗದು ಎನ್ನಿಸಿತು.

ಆಗ ಹೊಳೆದದ್ದೇ ಈ ಉಪಾಯ. ದೊಡ್ಡವ್ವನನ್ನು ಸಾಧಕಿ ಎಂದು ಸಂದರ್ಶನ ಮಾಡುವುದು. ಅದೂ ಇದೂ ಕೇಳುತ್ತಾ ಹೋಗಿ, ಕೊನೆಗೆ ಬೆಣ್ಣೆ ಧ್ವನಿಯಲ್ಲಿ ಆ ಒಂದು ಪ್ರಶ್ನೆ ತೂರಿಸುವುದು. ಪಾಡ್‌ಕಾಸ್ಟಿನ ನಿಯಮ ಎಂದರೆ ಅವಳಾದರೂ ಯಾಕೆ ಬೇಸರ ಮಾಡಿಕೊಂಡಾಳು? ಹೆಂಡತಿಗೆ ಹೇಳಿದೆ. "ಹೋಗ್ರಿ, ಕೇಳ್ರಿ. ಆದ್ರೆ ಅವರಿಗೂ ಸ್ವಲ್ಪ ಮಾತಾಡಾಕೆ ಬಿಡ್ರಿ" ಎಂದಳು. ಅವಳ ಕುಹಕ ನನಗೆ ಆಗ ಅರ್ಥವಾಗಲಿಲ್ಲ.

ಮುಂಗಾರಿಗೆ ಮುಂಚಿನ ಒಂದು ಭಾನುವಾರ ಹೋದೆ. ಆ ಹೊತ್ತಿಗೆ ನಮ್ಮ ಕಡೆ ಮನೆಮನೆಯಲ್ಲೂ ಬಿತ್ತನೆಗೆ ಶೇಂಗಾ ಸುಲಿಯುವ ಕೆಲಸ. ಮೆಷಿನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆ, ಒಡೆದ ಬೀಜ ಮೊಳೆಯುವುದಿಲ್ಲ, ಹಾಗಾಗಿ ಬಿತ್ತುವ ಬೀಜವನ್ನು ಕೈಯಲ್ಲೇ ಸುಲಿಯಬೇಕು. ದೊಡ್ಡವ್ವ ನಡುಮನೆಯಲ್ಲಿ ಕಾಲು ಚಾಚಿ, ಮೊರ ಮುಂದಿಟ್ಟುಕೊಂಡು, ಪಕ್ಕದಲ್ಲಿ ಕಾಯಿಯ ರಾಶಿ ಹಾಕಿಕೊಂಡು ಕೂತಿದ್ದಳು. ಕಣ್ಣು ಮಂಜಾದರೂ ಕೈ ಮಂಜಾಗಿಲ್ಲ. ಟಪ್ ಎಂದು ಒತ್ತಿದರೆ ಬೀಜ ಮೊರಕ್ಕೆ, ಸಿಪ್ಪೆ ಪಕ್ಕಕ್ಕೆ. ನನ್ನ ಅಡಿಯ ಸಪ್ಪಳದಿಂದಲೇ, "ಬಾರಪ್ಪಾ. ಬಿಸ್ಲಾಗೆ ಬಂದೀಯಲ್ಲ, ನೀರು ಕುಡಿ" ಎಂದಳು.

ನಾನು ಬಂದ ಕಾರಣ ಹೇಳಿ ಸ್ಟುಡಿಯೋ ಸಜ್ಜು ಮಾಡಿದೆ. ಫ್ಯಾನು ಆರಿಸಿದೆ, ಕೋಳಿ ಓಡಿಸಿದೆ, ಸೊಸೆಗೆ ಪಾತ್ರೆ ತೊಳೆಯುವುದು ಬೇಡವೆಂದೆ. ಕೊನೆಗೆ ಮೊರವನ್ನೂ ಅತ್ತ ಸರಿಸಿ, "ದೊಡ್ಡವ್ವ, ಸುಲಿಯೋದು ನಿಲ್ಸು. ಟಪ್ ಟಪ್ ಅಂತ ಸದ್ದು ಬರ್ತೈತೆ" ಎಂದೆ. ಅವಳು ಎರಡು ಕೈಯನ್ನೂ ಎತ್ತಿ ನೋಡಿಕೊಂಡು, "ಹಂಗಾರೆ ಇವನ್ನ ಎಲ್ಲಿ ಇಡ್ಲಪ್ಪಾ?" ಎಂದು ಕೇಳಿದಳು. ತೊಡೆಯ ಮೇಲೆ ಇಟ್ಟುಕೋ ಎಂದೆ. ಇಟ್ಟುಕೊಂಡಳು. ನಾನು ಗುಂಡಿ ಒತ್ತಿ, ಗಂಟಲು ಸರಿಮಾಡಿ, "ನಮಸ್ಕಾರ. ನಿಮ್ಮ ಯಶಸ್ಸಿನ ಗುಟ್ಟೇನು?" ಎಂದೆ. ದೊಡ್ಡವ್ವ ಹಿಂದೆ ಯಾರು ಬಂದರು ಎಂದು ತಿರುಗಿ ನೋಡಿದಳು. ನಾನು ಅವಳನ್ನು ನೀವು ಎಂದದ್ದು ಹುಟ್ಟಿದಾರಭ್ಯ ಅದೇ ಮೊದಲು.

ಮುಂದಿನದು ಹೇಳಲು ನಾಚಿಕೆಯಾಗುತ್ತದೆ. ಹೊಲ, ಮನೆ, ಮಕ್ಕಳು ಎಂದು ದಿನವಿಡೀ ವಟಗುಟ್ಟುವ ನಮ್ಮ ದೊಡ್ಡವ್ವ ಕೈ ಖಾಲಿಯಾದ ಕೂಡಲೇ ಮೂಕಿಯಾದಳು. ಏನು ಕೇಳಿದರೂ "ಹೂಂ". ಪಾಡ್‌ಕಾಸ್ಟಿನಲ್ಲಿ ಮೌನ ಬರಬಾರದಲ್ಲ, ಅವಳಿಗೆ ಪ್ರಶ್ನೆ ತಿಳಿಯಲೆಂದು ನನ್ನ ಜೀವನದಿಂದಲೇ ಒಂದು ಉದಾಹರಣೆ ಕೊಟ್ಟೆ. ಉದಾಹರಣೆಗೆ ಇನ್ನೊಂದು ಉದಾಹರಣೆ ಬೇಕಾಯಿತು. ಶಿಸ್ತು, ಸೋಲು, ಕಚೇರಿಯಲ್ಲಿ ನಾನು ಮಾಡಿದ ಸುಧಾರಣೆ, ಬಸ್ಸಿನಲ್ಲಿ ವರ್ಷಗಟ್ಟಲೆ ಕರವಸ್ತ್ರದ ಹಿಂದೆ ಕಟ್ಟಿಟ್ಟಿದ್ದೆಲ್ಲ ಕಟ್ಟೆ ಒಡೆದು ಹರಿಯಿತು. ನಡುವೆ ಸೊಸೆ ಚಹಾ ತಂದಿಟ್ಟು ಹೋದಳು. ಕೊನೆಯ ಪ್ರಶ್ನೆ ಬಂದಾಗ ಮಾತ್ರ ನನ್ನ ನಾಲಿಗೆ ಹಿಂದೆ ಸರಿಯಿತು. "ಧನ್ಯವಾದಗಳು" ಎಂದು ಹೇಳಿ, ಫೋನು ಆರಿಸಿ, ಚೀಲಕ್ಕೆ ಹಾಕಿಬಿಟ್ಟೆ.

"ಮುಗೀತೇನಪ್ಪಾ?" ಎಂದಳು. ಮೊರ ಎಳೆದುಕೊಂಡಳು. ಟಪ್ ಟಪ್ ಶುರುವಾಯಿತು. ನಾಲ್ಕು ಕಾಯಿ ಸುಲಿದ ಮೇಲೆ ತಲೆಯೆತ್ತದೆ, "ಲೇ, ಇಷ್ಟು ಹೇಳಾಕೆ ನೀನು ಈ ಬಿಸ್ಲಾಗೆ ಬಂದಿಲ್ಲ. ಏನ್ ಬೇಕಾಗಿತ್ತು, ಕೇಳು" ಎಂದಳು.

ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡೆ. ಕೈಯಲ್ಲಿ ಕೆಲಸವಿದ್ದರೆ ಮುಖ ನೋಡಬೇಕಾಗಿಲ್ಲ. "ನಮ್ಮವ್ವ ನನ್ನ ಏನಂತ ಕರೀತಿದ್ಲು ದೊಡ್ಡವ್ವ?" ಎಂದೆ.

ಅವಳ ಕೈ ನಿಲ್ಲಲಿಲ್ಲ. "ಇದನ್ನ ಕೇಳಾಕೆ ಐವತ್ತು ವರ್ಷ ಬೇಕಾತೇನೋ ನಿಂಗೆ? ಇವತ್ತು ಕೇಳ್ತಾನೆ, ನಾಳೆ ಕೇಳ್ತಾನೆ ಅಂತ ನಾನೂ ಕಾದೆ. ನೀನು ಕೇಳ್ಲಿಲ್ಲ. ನಾನಾಗೇ ಹೇಳಿದ್ರೆ ಹುಡುಗ ಅತ್ತಾನು ಅಂತ ಬಾಯಿ ಮುಚ್ಕಂಡಿದ್ದೆ" ಎಂದಳು. ಆಮೇಲೆ ಮಾತು ಬಂತು ನೋಡಿ. ನಮ್ಮವ್ವ ಗಡಿಯಾಚೆಯ ತೆಲುಗು ಸೀಮೆಯವಳು. "ಸಿಟ್ಟು ಬಂದ್ರೆ ಕನ್ನಡ, ಮುದ್ದು ಬಂದ್ರೆ ತೆಲುಗು ಆಕಿದು. ಹಿಂಗೇ ಇಬ್ರೂ ಎದ್ರುಬದ್ರು ಕೂತು ಸುಲಿತಿದ್ವಿ. ಮೂರು ಬೀಜದ ಕಾಯಿ ಸಿಕ್ರೆ ಆಕಿ ಮೊರಕ್ಕೆ ಹಾಕ್ತಿರ್ಲಿಲ್ಲ, ಸೆರಗಿಗೆ ಗಂಟು ಹಾಕ್ಕಂತಿದ್ಲು. ಬೀಜದ ಕಾಯಿ ಕದೀತೀಯೇನೇ ಅಂತ ನಾನು ಬಯ್ಯೋದು. ಸಂಜೀಗೆ ನೀನು ಆಡ್ಕಂಡು ಬರ್ತಿದ್ದಂಗೆ ಸೆರಗು ಬಿಚ್ಚಿ ಕರೀತಿದ್ಲು." ಎಂಬತ್ತು ದಾಟಿದ ಆ ಮುದುಕಿ ಕತ್ತು ಸ್ವಲ್ಪ ಓರೆ ಮಾಡಿ, ತನ್ನದಲ್ಲದ, ಎಳೆಯದೊಂದು ಧ್ವನಿ ತೆಗೆದು ಕರೆದಳು. "ಚಿನ್ನೋಡಾ... ಇಟ್ರಾ ನಾಯ್ನಾ!" ಚಿಕ್ಕವನೇ, ಇಲ್ಲಿ ಬಾರಪ್ಪಾ ಎಂದು.

ನನ್ನ ಕೈಯ ಕಾಯಿ ಅಲ್ಲೇ ನಿಂತಿತು. ಫೋನು ಚೀಲದಲ್ಲಿತ್ತು, ಚೀಲ ಗೂಟದಲ್ಲಿತ್ತು. ಎದ್ದರೆ ಅವಳು ನಿಲ್ಲಿಸಿಬಿಟ್ಟಾಳು ಎಂದು ಏಳಲಿಲ್ಲ. "ಇನ್ನೊಂದ್ಸಲ ಕರಿ ದೊಡ್ಡವ್ವ" ಎಂದೆ. "ಥೂ ಹೋಗೋ, ನಾನೇನು ನಾಟಕದಾಕೇನು!" ಎಂದು ನಕ್ಕು, ಕಣ್ಣೊರೆಸಿಕೊಂಡು, ನನ್ನ ಅಂಗೈಗೆ ಒಂದು ಕಾಯಿ ಇಟ್ಟಳು. ಒತ್ತಿ ನೋಡಿದೆ, ಮೂರು ಬೀಜ. ಬಿತ್ತನೆಯ ಬೀಜ ತಿನ್ನಬಾರದು ಎಂಬುದು ನನಗೂ ಗೊತ್ತು. ತಿಂದೆ. ಅವಳು ಬಯ್ಯಲಿಲ್ಲ.

ಮನೆಗೆ ಬಂದ ಮೇಲೆ ಹೆಂಡತಿ ರೆಕಾರ್ಡಿಂಗ್ ಪೂರ್ತಿ ಕೇಳಿದಳು, ನಲವತ್ತೊಂದು ನಿಮಿಷ. ಇಯರ್‌ಫೋನ್ ತೆಗೆದು, "ಇದರಾಗೆ ಅತಿಥಿ ಯಾರ್ರೀ?" ಎಂದಳು. ಅಂತೂ ನನ್ನ ಆಸೆ ಕೈಗೂಡಿತ್ತು. ಎದುರಿಗೆ ಒಬ್ಬರು ಕೂತು, ಕೈ ಕಟ್ಟಿಸಿಕೊಂಡು, ನನ್ನ ಮಾತನ್ನೆಲ್ಲ ಕೇಳಿದ್ದರು.

ಆ ಕರೆಯನ್ನು ನಾನು ದಿನಕ್ಕೆ ಹತ್ತು ಸಲ ಮನಸ್ಸಿನಲ್ಲಿ ತಿರುವಿಹಾಕುತ್ತೇನೆ. ಒಂದೊಂದು ಸಲ ಒಂದೊಂದು ರಾಗ ಬರುತ್ತದೆ, ಅವತ್ತಿನದು ಯಾವುದೋ ಈಗಲೇ ಅನುಮಾನ. ಶನಿವಾರ ಕಚೇರಿ ಮುಗಿಸಿಕೊಂಡು ಕೊಂಡ್ಲಹಳ್ಳಿಯ ತಿರುವಿನಲ್ಲಿ ಇಳಿಯುತ್ತೇನೆ. ದೊಡ್ಡವ್ವನ ಕೈಯಲ್ಲಿ ಅವರೆಯೋ ಹುಣಸೆಯೋ ಏನಾದರೂ ಇದ್ದೇ ಇರುತ್ತದೆ, ನೂರು ಮಾತು ಬರುತ್ತವೆ, ಆ ಧ್ವನಿ ಮಾತ್ರ ಮತ್ತೆ ಬಂದಿಲ್ಲ. ಬಸ್ಸಿನಲ್ಲಿ ಈಗ ಸಾಧಕರನ್ನು ಬಿಟ್ಟು ನಮ್ಮ ಸಂದರ್ಶನವನ್ನೇ ಹಾಕಿಕೊಳ್ಳುತ್ತೇನೆ. ಅದರ ನಡುವೆ ಎಲ್ಲೋ ಒಂದು ಕಡೆ ದೊಡ್ಡವ್ವ, "ಚಾ ಆರಿ ಹೋಗ್ತೈತೆ, ಕುಡಿಯಪ್ಪಾ" ಎನ್ನುತ್ತಾಳೆ. ನನ್ನ ಕಿವಿಯಲ್ಲಿ ಉಳಿದಿರುವ ತಾಯಿಯ ಮಾತು ಎಂದರೆ ಇದೇ ಇರಬೇಕು ಎಂದು ಈಚೆಗೆ ಅನ್ನಿಸುತ್ತಿದೆ. ಅದನ್ನು ಕೇಳಲು ಮುಂದಕ್ಕೆ ಓಡಿಸಿದರೆ ಬಸ್ಸಿನ ಕುಲುಕಾಟಕ್ಕೆ ಅದೂ ದಾಟಿಹೋಗುತ್ತದೆ. ಹಾಗಾಗಿ ಶಿಸ್ತಿನ ಬಗ್ಗೆ ಕೊರೆಯುವ ಆ ಮನುಷ್ಯನನ್ನು ಮೊದಲಿನಿಂದ ಸಹಿಸಿಕೊಂಡು, ಇವನು ಯಾವಾಗ ಬಾಯಿ ಮುಚ್ಚುತ್ತಾನೋ ಎಂದು ಕಾಯುತ್ತಾ ಕೂರುತ್ತೇನೆ.