ಜಾರುಬಂಡೆಯವರ ಒದ್ದೆ ಓಟ

ರಾತ್ರಿಯಿಡೀ ಸುರಿದ ಮಳೆಗೆ ಊರೆಲ್ಲ ಗೊಣಗುತ್ತಿದ್ದರೆ, ಕನ್ನಡಕದಂಗಡಿಯ ಯಜಮಾನರಿಗೆ ಮಾತ್ರ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಬೆಳಿಗ್ಗೆ ಎದ್ದವರೇ ಕಿಟಕಿಯಿಂದ ಕೈ ಚಾಚಿ ಗೋಡೆ ಮುಟ್ಟಿ ನೋಡಿದರು. ಒದ್ದೆ. ಅಂದಮೇಲೆ ಮೈದಾನವೂ ಒದ್ದೆಯಾಗಿರಲೇಬೇಕು.

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರ ಬಾಯಲ್ಲೂ ಅವರು ಜಾರುಬಂಡೆ. ಹೆಂಡತಿಯ ಅಣ್ಣ ಇಟ್ಟ ಹೆಸರು ಅದು. ಆ ಭಾವ ಇನ್ನೂ ಭಾವನಾಗದೆ ಬರೀ ಗೆಳೆಯನಾಗಿದ್ದ ಕಾಲದಲ್ಲಿ, ಇಬ್ಬರೂ ಶಾಲೆಯ ಹಿಂದಿನ ಮೈದಾನದಲ್ಲಿ ರಿಮೋಟಿನ ರೇಸ್ ಗಾಡಿ ಓಡಿಸುತ್ತಿದ್ದರು. ಮೊಣಕೈಯುದ್ದದ ಗಾಡಿ, ಮುಳ್ಳುಮುಳ್ಳು ಟೈರು, ಕೈಯಲ್ಲಿ ಉದ್ದನೆಯ ಆಂಟೆನಾದ ರಿಮೋಟು. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಚಾರ್ಜರು. ಒಬ್ಬನ ಬ್ಯಾಟರಿ ತುಂಬುವವರೆಗೆ ಇಬ್ಬರೂ ಕಾಂಪೌಂಡಿನ ಮೇಲೆ ಕಾಲಾಡಿಸುತ್ತ ಕೂತಿರುತ್ತಿದ್ದರು. ಬದುಕಿನಲ್ಲಿ ಬೇರೆ ಕೆಲಸವೇ ಇಲ್ಲವೇನೋ ಎಂಬಂಥ ಆ ಸಂಜೆಗಳನ್ನು ಯಜಮಾನರು ಅಂಗಡಿಯಲ್ಲಿ ಗಿರಾಕಿಯಿಲ್ಲದಾಗ ಈಗಲೂ ನೆನೆಯುತ್ತಾರೆ.

ಆದರೆ ಅವರ ರೇಸ್ ಗಾಡಿ ಕ್ಲಬ್ಬಿನ ಕೊನೆಯ ಪಂದ್ಯದ ದಿನ ನೆಲ ತೇವವಾಗಿತ್ತು. ನೀರಿನ ಟ್ಯಾಂಕಿನ ಪಕ್ಕದ ತಿರುವಿನಲ್ಲಿ ಇವರ ಗಾಡಿ ಪ್ರತಿ ಸುತ್ತಿನಲ್ಲೂ ಜಾರಿ ಚರಂಡಿ ಸೇರಿತು. ಗೆಲುವಿನ ಕಪ್ಪು ಭಾವನ ಪಾಲಾಯಿತು, ಹೆಸರು ಇವರ ಪಾಲಾಯಿತು. ಮದುವೆಮನೆಯಲ್ಲಿ ನೆಂಟರಿಗೆ ಇವರ ಪರಿಚಯವಾದದ್ದೂ ಅದೇ ಹೆಸರಿನಿಂದ.

ಈಗ ಇಪ್ಪತ್ತೈದು ವರ್ಷದ ಮೇಲೆ ಕ್ಲಬ್ಬಿನ ಹಳಬರು ಅದೇ ಮೈದಾನದಲ್ಲಿ ಮತ್ತೆ ಸೇರುತ್ತಿದ್ದರು. ಇವತ್ತೇ ಸಂಜೆ ಪಂದ್ಯ. ಜಾರುವ ನೆಲಕ್ಕೆ ಗಾಡಿಯನ್ನು ಹೇಗೆ ಹೊಂದಿಸಬೇಕೆಂದು ಯಜಮಾನರು ಇಷ್ಟು ವರ್ಷ ಗುಟ್ಟಾಗಿ ಕಲಿತಿದ್ದರು. ಆ ಹೆಸರನ್ನು ತೊಳೆದುಹಾಕಲು ಇದೊಂದೇ ಅವಕಾಶ. ಅವರ ತಯಾರಿ ಭಾವನಿಗೆ ಗೊತ್ತಾಗಬಾರದು, ಅಷ್ಟೆ. ಅದಕ್ಕೆ ಅವರು ಹೂಡಿದ ಉಪಾಯ ಗೋಳಾಟ.

"ಅಂಗಡಿ ತೆಗೆಯಲ್ವೇನ್ರೀ?" ಎಂದರು ಹೆಂಡತಿ.

"ಅಂಗಡಿ ಹಾಳಾಗ್ಲಿ. ನೆಲ ನೋಡಿದ್ಯಾ? ಜಾರತ್ತೆ ಕಣೇ. ಇವತ್ತೂ ನನ್ನ ಮಾನ ಚರಂಡಿಗೇ." ಹೆಂಡತಿ ದಿನಾ ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡುತ್ತಾರೆಂಬುದು ಗೊತ್ತಿದ್ದರಿಂದ ಇದನ್ನು ಸ್ವಲ್ಪ ಜೋರಾಗಿಯೇ ಹೇಳಿದರು. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಸಣ್ಣಗೆ ಸಿಳ್ಳೆ ಹಾಕಿದರು.

ಕನ್ನಡಕದ ಸ್ಕ್ರೂ ತಿರುಗಿಸಿ ಪಳಗಿದ ಕೈ. ಗಾಡಿಯ ಗಟ್ಟಿ ಸ್ಪ್ರಿಂಗು ಬಿಚ್ಚಿ ಮೆದು ಸ್ಪ್ರಿಂಗು ಹಾಕತೊಡಗಿದರು. ಶಾಕ್ ಅಬ್ಸಾರ್ಬರಿನೊಳಗಿನ ದಪ್ಪ ಎಣ್ಣೆ ತೆಗೆದು, ಹೆಂಡತಿಯ ಹೊಲಿಗೆ ಯಂತ್ರದ ತೆಳು ಎಣ್ಣೆ ತುಂಬಿದರು. ಗಾಡಿಯ ಹೊಟ್ಟೆ ನೆಲಕ್ಕೆ ತಾಗದಂತೆ ಎತ್ತರಿಸಿದರು. ಪೌಡರ್ ಹಾಕಿ ಕಾಪಾಡಿದ್ದ ಮೆತ್ತನೆಯ ಟೈರುಗಳನ್ನು ಮೂಸಿದರು. ಆ ರಬ್ಬರ್ ವಾಸನೆಗೆ ಒಂದು ಗಳಿಗೆ ಅವರಿಗೆ ತಲೆಗೂದಲು ಪೂರ್ತಿ ಇದ್ದಂತೆ ಅನಿಸಿತು.

ಅಷ್ಟರಲ್ಲಿ ಪಕ್ಕದ ಮನೆಯ ರಿಟೈರ್ಡ್ ಬಸ್ ಡ್ರೈವರ್ ಬಾಗಿಲು ತಳ್ಳಿಕೊಂಡೇ ಬಂದರು.

"ಟೈರಿಂದ ಒಂಚೂರು ಗಾಳಿ ಇಳಿಸಿ. ಮಳೇಲಿ ನಾನು ಅಷ್ಟು ದೊಡ್ಡ ಬಸ್ಸನ್ನೇ ಹಂಗೆ ಓಡಿಸಿದ್ದೀನಿ."

"ಇದರಲ್ಲಿ ಗಾಳಿ ಇಲ್ಲ ಸಾರ್, ಸ್ಪಂಜಿದೆ."

"ಹಂಗಾದ್ರೆ ಒಂಚೂರು ಸ್ಪಂಜ್ ಇಳಿಸಿ," ಎಂದು ಅವರು ಮೇಜಿನ ಮೇಲೆ ಭಾರ ಬಿಟ್ಟರು. ಮೇಜು ವಾಲಿತು. ಅಂಗೈಯಲ್ಲಿದ್ದ ಕೊನೆಯ ಮೆದು ಸ್ಪ್ರಿಂಗು ಟಣ್ಣನೆ ಹಾರಿ ಕಿಟಕಿಯಾಚೆ ಹೋಯಿತು.

ಕಿಟಕಿಯ ಕೆಳಗೆ ಬಡಗಿಯ ಅಂಗಡಿ, ಅದರ ಮುಂದೆ ಆಗತಾನೆ ಸುರಿದ ಒಣ ಮರದ ಹೊಟ್ಟಿನ ರಾಶಿ. ಯಜಮಾನರು ಕೆಳಗೋಡಿ ಮೊಣಕಾಲೂರಿ ಹೊಟ್ಟು ಕೆದಕತೊಡಗಿದರು. ಸೀನಿದರು. ಮತ್ತೆ ಕೆದಕಿದರು. ಮೀಸೆ, ಹುಬ್ಬು ಎಲ್ಲ ಹೊಟ್ಟಾಯಿತು.

"ಏನ್ ಹುಡುಕ್ತಿದ್ದೀರ ಜಾರುಬಂಡೆಯೋರೆ?" ಎಂದ ಬಡಗಿ.

ಸ್ಪ್ರಿಂಗು ಸಿಕ್ಕಿತು. ಗುಟ್ಟು ಬಿಡುವ ಹಾಗಿಲ್ಲ. ಮುಷ್ಟಿಯಲ್ಲಿ ಮುಚ್ಚಿಕೊಂಡು, "ಏನೂ ಇಲ್ಲಪ್ಪ. ಮೈದಾನ ಜಾರತ್ತಲ್ಲ, ತಲೆ ಕೆಟ್ಟಿದೆ," ಎಂದರು. ಹೊಟ್ಟಿಗೆ ಕಣ್ಣಲ್ಲಿ ನೀರೂ ಬಂದಿತ್ತು.

ಬಡಗಿ ಕೈಯಲ್ಲಿದ್ದ ಉಳಿ ಕೆಳಗಿಟ್ಟ. "ಅಷ್ಟೊಂದು ಹಚ್ಕೋಬೇಡಿ," ಎಂದ ಮೆಲ್ಲಗೆ.

ಮಧ್ಯಾಹ್ನದ ಹೊತ್ತಿಗೆ ಬೀದಿ ಯಾಕೋ ಖಾಲಿ ಖಾಲಿ. ಹೆಂಡತಿಯೂ ಇಲ್ಲ. ಪೀಡೆ ತೊಲಗಿತೆಂದು ಯಜಮಾನರು ನಿಶ್ಚಿಂತೆಯಿಂದ ಕೆಲಸ ಮುಗಿಸಿದರು. ಬಚ್ಚಲುಮನೆಯಲ್ಲಿ ಸೋಪಿನ ನೀರು ಚೆಲ್ಲಿ ಗಾಡಿ ಓಡಿಸಿ ನೋಡಿದರು. ಹಲ್ಲಿಯ ಹಾಗೆ ನೆಲ ಕಚ್ಚಿಕೊಂಡು ಓಡಿತು. ಗಟ್ಟಿ ಸ್ಪ್ರಿಂಗು, ಹಳೇ ಟೈರುಗಳನ್ನೆಲ್ಲ ಟ್ರಂಕಿಗೆ ಹಾಕಿ ಬೀಗ ಜಡಿದು, ಗಾಡಿಯನ್ನು ಎದೆಗವಚಿಕೊಂಡು ಹೊರಟರು.

ಮೈದಾನ ತಲುಪಿದವರ ಕಾಲು ಅಲ್ಲೇ ನಿಂತಿತು.

ಓಟದ ದಾರಿಯ ಮೇಲೆ ಒಂದು ಹನಿ ನೀರಿರಲಿಲ್ಲ. ಬಡಗಿ ಕೊನೆಯ ಮೂಟೆಯ ಹೊಟ್ಟು ಹರಡುತ್ತಿದ್ದ. ನೀರು ಹೀರಿದ ಹೊಟ್ಟನ್ನು ಡ್ರೈವರ್ ಗುಡಿಸುತ್ತಿದ್ದರು. ಹೆಂಡತಿ ಸೆರಗು ಸಿಕ್ಕಿಸಿ ಬಟ್ಟೆಯಿಂದ ನೆಲ ಒರೆಸುತ್ತಿದ್ದರು. ಟ್ಯಾಂಕಿನ ಪಕ್ಕದ ಆ ತಿರುವಿನಲ್ಲಿ, ಭಾವನ ಮನೆಯ ಕೆಂಪು ಕಾರ್ಪೆಟ್ಟು ಮಲಗಿತ್ತು.

ಭಾವ ಓಡಿಬಂದು ತಬ್ಬಿಕೊಂಡರು. "ನೀನು ಹೊಟ್ಟಲ್ಲಿ ಬಿದ್ದು ಅತ್ತುಬಿಟ್ಟೆಯಂತೆ. ಬಡಗಿ ಕಂಡದ್ದನ್ನ ತಂಗಿ ಫೋನಲ್ಲಿ ಹೇಳಿದಾಗ ನನಗೆ ಊಟ ಸೇರಲಿಲ್ಲ ಕಣೋ. ಆ ಹೆಸರಿಟ್ಟವನು ನಾನು. ಅದನ್ನ ಅಳಿಸೋನೂ ನಾನೇ ಆಗ್ಬೇಕು. ಇನ್ನು ನಿನ್ನ ಗಾಡಿ ಜಾರೋ ಮಾತೇ ಇಲ್ಲ."

ಅವರ ಕಣ್ಣು ನಿಜವಾಗಿಯೂ ತುಂಬಿತ್ತು. ಯಜಮಾನರು ತಮ್ಮ ಗಾಡಿಯನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡರು. "ನಿನ್ನ ಗಾಡಿ?" ಎಂದರು ಒಣಗಿದ ಬಾಯಲ್ಲಿ.

"ನಂದೇನು. ಶೋಕೇಸಿಂದ ತೆಗೆದು ಧೂಳು ಒರೆಸಿ ತಂದೆ. ಒಂದು ಸ್ಕ್ರೂನೂ ಮುಟ್ಟಿಲ್ಲ."

ಸೀಟಿ ಮೊಳಗಿತು. ಭಾವನ ಗಾಡಿ ಒಣನೆಲದ ಮೇಲೆ ತನ್ನ ಪಾಡಿಗೆ ತಾನು ಓಡಿತು. ಯಜಮಾನರದು ಎತ್ತರದ ಸೊಂಟ ಕುಣಿಸುತ್ತ ಹೊರಟು ತಿರುವಿಗೆ ಬಂತು. ಮೆತ್ತನೆಯ ಟೈರು ಕಾರ್ಪೆಟ್ಟನ್ನು ಗಬಕ್ಕನೆ ಕಚ್ಚಿತು; ಟೈರು ಅಲ್ಲೇ ನಿಂತಿತು, ಗಾಡಿ ಮಾತ್ರ ಮುಂದಕ್ಕೆ ಹೋಗಿ ಮಗುಚಿತು. ಎರಡನೇ ಸುತ್ತಿನಲ್ಲೂ ಅದೇ. ಮೂರನೆಯದರಲ್ಲಿ ಎರಡು ಲಾಗ ಹೊಡೆದು, ಹಳೆಯ ಪರಿಚಯದ ಮೇಲೆ, ಚರಂಡಿಗೇ ಬಿತ್ತು.

ಈ ಸಲದ ಕಪ್ಪೂ ಭಾವನ ಕೈ ಸೇರುತ್ತಿದ್ದಂತೆ ಮಳೆ ಧೋ ಎಂದು ಸುರಿಯಿತು. ಎಲ್ಲರೂ ಕಾರ್ಪೆಟ್ಟು ಉಳಿಸಲು ಓಡಿದರು. ಯಜಮಾನರು ಒಬ್ಬರೇ ಗಾಡಿಯನ್ನು ನೆಲಕ್ಕಿಟ್ಟು ರಿಮೋಟು ಒತ್ತಿದರು. ಕೆಸರಿನ ಮೇಲೆ ಅದು ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ನೀರಿನಾಚೆ, ಕಾಂಪೌಂಡಿನ ಮೇಲೆ, ಕಾಲಾಡಿಸುತ್ತ ಕೂತ ಇಬ್ಬರು ಹುಡುಗರು ಕಂಡಂತಾಯಿತು. ಬೇರೆ ನೋಡಿದವರಿಲ್ಲ, ಎಲ್ಲರ ಬೆನ್ನೂ ಇತ್ತ ಕಡೆಗಿತ್ತು.

"ಏ ಪಲ್ಟಿ, ಅಲ್ಲೇನು ಮಾಡ್ತಿದ್ದೀಯ?" ಭಾವನ ಕೂಗು ಕೇಳಿತು.

"ಬನ್ನಿ ಪಲ್ಟಿಯೋರೆ, ಒಂದು ಕೈ ಹಿಡೀರಿ," ಎಂದ ಬಡಗಿ.

ಯಾರನ್ನು ಕರೆಯುತ್ತಿದ್ದಾರೆಂದು ಯಜಮಾನರು ಒಮ್ಮೆ ಹಿಂತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಜಾರುಬಂಡೆ ಎಂಬ ಹೆಸರು ಕೊನೆಗೂ ಅಳಿಸಿಹೋಗಿತ್ತು. ಅವರು ಹೋಗಿ ಕಾರ್ಪೆಟ್ಟಿನ ಇನ್ನೊಂದು ತುದಿ ಹಿಡಿದರು.